ಪೆಟ್ಟಿಗೆಯಲ್ಲಿ ಬಂದ ಕ್ರಿಸ್‌ಮಸ್: ಸಣ್ಣ ಬೆಡ್‌ರೂಮಿನ ಅಲಂಕಾರದ ಕಿಟ್ ಕೊಳ್ಳಬಹುದಾ?

ಓದಲು ಪುರುಸೊತ್ತಿಲ್ಲದವರಿಗಾಗಿ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ‘ಸಣ್ಣ ಕೋಣೆಗೆ ಸಂಪೂರ್ಣ ಕ್ರಿಸ್‌ಮಸ್ ಅಲಂಕಾರ’ ಅಂತ ಆನ್‌ಲೈನ್‌ನಲ್ಲಿ ಮಾರುವ ಈ ಪೆಟ್ಟಿಗೆಯಲ್ಲಿ ಏಳು ಬಗೆಯ ಸಾಮಾನು ಇವೆ. ಅದರಲ್ಲಿ ದೀಪದ ಸರ ಮತ್ತು ಗೋಡೆಗೆ ಅಂಟಿಸುವ ಕೊಕ್ಕೆ ನಿಜಕ್ಕೂ ಚೆನ್ನಾಗಿವೆ. ಮರದ ಚಿತ್ರ ಅಚ್ಚಾದ ಬಟ್ಟೆ ರಿಪೇರಿ ಮಾಡಿಕೊಂಡರೆ ನಡೆಯುತ್ತದೆ. ಉಳಿದ ನಾಲ್ಕು ಪೆಟ್ಟಿಗೆ ತುಂಬಿಸಲು ಹಾಕಿದ್ದು. ಐದಕ್ಕೆ ಎರಡೂವರೆ ಕೊಡುತ್ತೇನೆ. ಆ ಎರಡೂವರೆಯಲ್ಲಿ ಎರಡು ದೀಪಕ್ಕೇ ಹೋಯಿತು.

ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಮಲಗುವ ಕೋಣೆಯೇ ನನ್ನ ಅಂಗಡಿ. 8 ಅಡಿ ಅಗಲ, 10 ಅಡಿ ಉದ್ದ. ಒಂದು ಮಂಚ, ಒಂದು ಬೀರು, ಕಿಟಕಿ ಪಕ್ಕ ಹೊಲಿಗೆ ಮೆಷಿನ್. ಇಷ್ಟು ಇಟ್ಟ ಮೇಲೆ ಒಬ್ಬರು ಓಡಾಡುವಾಗ ಇನ್ನೊಬ್ಬರು ಮಂಚದ ಮೇಲೆ ಕೂರಬೇಕು. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ನಾಲ್ಕಡಿಯ ಪ್ಲಾಸ್ಟಿಕ್ ಮರ ತಂದರೂ ಬುಡಕ್ಕೆ ಎರಡು ಅಡಿ ಜಾಗ ಬೇಕು, ಆ ಎರಡು ಅಡಿ ನಮ್ಮಲ್ಲಿ ಇಲ್ಲ. ಆದರೆ ಮಗಳಿಗೆ ಮಾತ್ರ ಹಾಲ್‌ಗಿಂತ ಈ ಕೋಣೆಯೇ ಮಿನುಗಬೇಕು. ಅವಳು ಮಲಗುವುದು ಇಲ್ಲೇ ಅಲ್ವಾ. ಹಾಗಾಗಿ ನೆಲ ಮುಟ್ಟದೆ, ಗೋಡೆ ಕೆಡಿಸದೆ, ಕೈ ಸುಡದ ಬೆಲೆಗೆ ಏನಾದರೂ ಸಿಗುತ್ತದಾ ಅಂತ ಹುಡುಕಿ ಇದನ್ನು ತರಿಸಿದೆ.

ಮೊದಲು ದೀಪ. 10 ಮೀಟರ್ ಉದ್ದದ ತೆಳು ತಾಮ್ರದ ತಂತಿ, ಅದರಲ್ಲಿ 100 ಎಲ್‌ಇಡಿ. ಅಂದರೆ 10 ಸೆಂಟಿಮೀಟರಿಗೆ ಒಂದು. ಟೇಪ್ ಹಿಡಿದು ನೋಡಿದೆ, ಅಳತೆಯಲ್ಲಿ ಮೋಸವಿಲ್ಲ. ಒಂದೊಂದು ದೀಪವೂ ಗುಂಡುಸೂಜಿಯ ತಲೆಯಷ್ಟಿದೆ, ಮೇಲೊಂದು ಹನಿ ಪಾರದರ್ಶಕ ಅಂಟು ಕೂತಿದೆ. ಮೊದಲ ಸಲ ನೋಡಿದವರಿಗೆ ಇದು ಬರೀ ತಂತಿ, ಶಾಕ್ ಹೊಡೆಯುತ್ತೇನೋ ಅನಿಸುತ್ತದೆ. ತಂತಿಯ ಮೇಲೆ ಕಣ್ಣಿಗೆ ಕಾಣದ ವಾರ್ನಿಷ್ ಲೇಪ ಇರುತ್ತದೆ, ಫ್ಯಾನಿನ ಮೋಟಾರಿನೊಳಗೆ ಸುತ್ತಿದ ತಂತಿಗೆ ಇರುವಂಥದ್ದೇ. ಜೊತೆಗೆ ಇದು ಓಡುವುದು ಯುಎಸ್‌ಬಿಯ 5 ವೋಲ್ಟ್‌ನಲ್ಲಿ. ಮಕ್ಕಳು ಮುಟ್ಟಿದರೂ ಭಯವಿಲ್ಲ. ಭಯ ಇರಬೇಕಾದದ್ದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಡಾಪ್ಟರ್ ಬಗ್ಗೆ. ಅದಕ್ಕೆ ಪೂರ್ತಿ ಕರೆಂಟ್ ಬರುತ್ತದೆ, ಬಿಸಿಯೂ ಆಗುತ್ತದೆ. ಸಣ್ಣ ಕೋಣೆಯಲ್ಲಿ ಪ್ಲಗ್ ಯಾವಾಗಲೂ ಮಂಚದ ತಲೆಯ ಹತ್ತಿರವೇ ಇರುತ್ತದೆ, ದಿಂಬು ಹೊದಿಕೆ ಅದರ ಮೇಲೆ ಬಂದು ಬೀಳುತ್ತವೆ. ಅಲ್ಲಿ ಒಂದು ಗೇಣು ಜಾಗ ಖಾಲಿ ಬಿಡಿ. ಬೀರುವಿನ ಬಾಗಿಲಿನಂಥ ಚೂಪು ತಗಡಿನ ಅಂಚಿಗೆ ತಂತಿ ಉಜ್ಜದ ಹಾಗೂ ನೋಡಿಕೊಳ್ಳಿ, ಲೇಪ ಕಿತ್ತುಬರುತ್ತದೆ.

ಇದೇ ಸರ ಬ್ಯಾಟರಿಯಲ್ಲಿ ಓಡುವುದೂ ಸಿಗುತ್ತದೆ, ಸ್ವಲ್ಪ ಅಗ್ಗಕ್ಕೆ. ಮೂರು ಎಎ ಸೆಲ್ ಹಾಕಬೇಕು, ನಾಲ್ಕೂವರೆ ವೋಲ್ಟ್. ಅಗ್ಗ ಅಂತ ಅದಕ್ಕೆ ಹೋಗಬೇಡಿ. 100 ದೀಪವನ್ನು ದಿನಾ ಸಂಜೆ ಉರಿಸಿದರೆ ವಾರ ತುಂಬುವ ಮೊದಲೇ ಮಂಕಾಗುತ್ತದೆ, ಆಮೇಲೆ ಸೆಲ್ ಖರ್ಚೇ ದೀಪದ ಖರ್ಚನ್ನು ದಾಟುತ್ತದೆ. ಯುಎಸ್‌ಬಿಯದ್ದು ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಲೆಕ್ಕ ಹಾಕೋಣ. ಜಾಸ್ತಿ ಅಂದರೆ ಅರ್ಧ ಆಂಪ್, ಅಂದರೆ ಎರಡೂವರೆ ವ್ಯಾಟ್. ದಿನಕ್ಕೆ 6 ಗಂಟೆಯಂತೆ 30 ದಿನ ಉರಿಸಿದರೂ 450 ವ್ಯಾಟ್-ಅವರ್. ಅರ್ಧ ಯೂನಿಟ್ಟೂ ಆಗಲಿಲ್ಲ. ಬಿಲ್ಲಿನಲ್ಲಿ ಹುಡುಕಿದರೂ ಕಾಣುವುದಿಲ್ಲ. ಪವರ್ ಬ್ಯಾಂಕಿಗೆ ಹಾಕಿದರೆ ಮಾತ್ರ ಕೆಲವು ತಾವಾಗಿಯೇ ಆಫ್ ಆಗಿಬಿಡುತ್ತವೆ. ದೀಪ ಎಳೆಯುವ ಕರೆಂಟ್ ಎಷ್ಟು ಕಡಿಮೆ ಅಂದರೆ, ಏನೂ ಸಿಕ್ಕಿಸಿಲ್ಲ ಅಂತ ಅವು ಅಂದುಕೊಳ್ಳುತ್ತವೆ. ಅದು ದೀಪದ ದೋಷ ಅಲ್ಲ.

ಹಳೆಯ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಹೋದರೆ ಆ ಸಾಲೇ ಕತ್ತಲು, ಯಾವ ಬಲ್ಬು ಅಂತ ಒಂದೊಂದನ್ನೇ ಅಲ್ಲಾಡಿಸುತ್ತಾ ಕೂರಬೇಕಿತ್ತು. ಇದರಲ್ಲಿ ಎರಡು ತಂತಿ ಅಕ್ಕಪಕ್ಕ ಹೋಗುತ್ತವೆ, ಪ್ರತಿ ದೀಪವೂ ಎರಡಕ್ಕೂ ನೇರವಾಗಿ ಅಂಟಿರುತ್ತದೆ. ಒಂದು ಹೋದರೂ ಮಿಕ್ಕ 99 ಉರಿಯುತ್ತವೆ. ಆದರೆ ಇದರದ್ದೇ ಒಂದು ಕುಂದಿದೆ. ತಂತಿ ಇಷ್ಟು ತೆಳು ಇರುವುದರಿಂದ ಕೊನೆಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿಯುತ್ತದೆ. ಪ್ಲಗ್ ಹತ್ತಿರದ ದೀಪಗಳು ಕಣ್ಣು ಕುಕ್ಕಿದರೆ ತುದಿಯ ಹತ್ತು ಹದಿನೈದು ದೀಪಗಳು ಸಪ್ಪೆ. ಈ ಸಪ್ಪೆ ತುದಿಯನ್ನು ಎಲ್ಲಿ ಬಿಡುತ್ತೀರಿ ಅನ್ನುವುದು ಮುಖ್ಯ. ನಾನು ಮಂಚದ ತಲೆಭಾಗಕ್ಕೆ ಬಿಟ್ಟೆ. ಮಲಗುವ ಕಡೆ ಮಂಕು ಬೆಳಕೇ ಒಳ್ಳೆಯದು.

ಬಣ್ಣದ ವಿಷಯಕ್ಕೆ ಬರುತ್ತೇನೆ. ಕೊಳ್ಳುವಾಗ ‘ವಾರ್ಮ್ ವೈಟ್’ ಮತ್ತು ‘ಕೂಲ್ ವೈಟ್’ ಅಂತ ಎರಡು ಇರುತ್ತವೆ. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇದ್ದರೆ ಹಳದಿ ಬೆರೆತ ಬೆಳಕು. 6000 ಅಂತ ಇದ್ದರೆ ನೀಲಿ ಬೆರೆತ ಬಿಳಿ. ನಂಬರ್ ಹೆಚ್ಚಾದಷ್ಟೂ ಬೆಳಕು ತಣ್ಣಗೆ, ಸ್ವಲ್ಪ ತಿರುವುಮುರುವು. ಅಂಗಡಿಯಲ್ಲಿ ನೋಡಿದರೆ ಬಿಳಿಯದೇ ಜೋರಾಗಿ ಕಾಣುತ್ತದೆ. ಮಲಗುವ ಕೋಣೆಗೆ ಅದು ಬೇಡವೇ ಬೇಡ. ನೀಲಿ ಅಂಶ ಜಾಸ್ತಿ ಇರುವ ಬೆಳಕು ರಾತ್ರಿ ಹೊತ್ತು ನಿದ್ದೆ ತರಿಸುವ ಮೆಲಟೋನಿನ್ ಅನ್ನು ತಗ್ಗಿಸುತ್ತದೆ. ಅದು ಬಿಡಿ, 8 ಅಡಿ ಕೋಣೆಯಲ್ಲಿ ಆ ಬೆಳಕು ಬಿದ್ದರೆ ಗೋಡೆ ಆಸ್ಪತ್ರೆಯ ವಾರ್ಡಿನ ಗೋಡೆಯಾಗುತ್ತದೆ. ಈ ಪೆಟ್ಟಿಗೆಯಲ್ಲಿ ಬಂದದ್ದು ವಾರ್ಮ್ ವೈಟ್, ಅದಕ್ಕೆ ಪೂರ್ತಿ ಅಂಕ.

ರಿಮೋಟ್ ಕೊಟ್ಟಿದ್ದಾರೆ, ಎಂಟು ಥರದ ಮಿನುಗಾಟ ಇದೆ. ಓಡುವುದು, ಹಾರುವುದು, ಹೊಳೆದು ಆರುವುದು. ಅಂಗಡಿ ಮುಂದೆ ತೂಗುಹಾಕಲು ಸರಿ. ಮಲಗುವ ಕೋಣೆಯಲ್ಲಿ ಸುಮ್ನೆ ಉರಿಯುವುದೊಂದು, ನಿಧಾನಕ್ಕೆ ಏರಿ ಇಳಿಯುವುದೊಂದು, ಎರಡು ಸಾಕು. ಮಗಳು ಎಂಟನ್ನೂ ಒತ್ತಿ ನೋಡಿ ಕೊನೆಗೆ ತಾನೇ ಬೇಜಾರಾಗಿ ಬಿಟ್ಟಳು. ನಿಜಕ್ಕೂ ಉಪಯೋಗಕ್ಕೆ ಬಂದದ್ದು ಟೈಮರ್. ಒಮ್ಮೆ ಒತ್ತಿದರೆ 6 ಗಂಟೆ ಉರಿದು, 18 ಗಂಟೆ ಆರಿ, ಮರುದಿನ ಅದೇ ಹೊತ್ತಿಗೆ ಮತ್ತೆ ಹತ್ತುತ್ತದೆ. ಎಲ್ಲರೂ ಕತ್ತಲಾದ ಮೇಲೆ 7 ಗಂಟೆಗೆ ಒತ್ತುತ್ತಾರೆ. ಆಗ ರಾತ್ರಿ 1ರವರೆಗೆ ಉರಿಯುತ್ತಲೇ ಇರುತ್ತದೆ. ನೀವು ಮಲಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಒತ್ತಿ. ನಾವು 10ಕ್ಕೆ ಮಲಗುತ್ತೇವೆ, ಸಂಜೆ 4ಕ್ಕೆ ಒತ್ತಿದೆ. ಹಗಲಲ್ಲಿ ಎರಡು ಗಂಟೆ ಸುಮ್ನೆ ಉರಿದರೆ ನಷ್ಟವೇನೂ ಇಲ್ಲ, ಲೆಕ್ಕ ಮೇಲೆಯೇ ಹಾಕಿದ್ದೇನೆ. ಕರೆಂಟ್ ಹೋಗಿ ಬಂದರೆ ಮಾತ್ರ ಇದಕ್ಕೆ ಎಲ್ಲ ಮರೆತುಹೋಗುತ್ತದೆ, ಮತ್ತೆ ಒತ್ತಬೇಕು.

ಇನ್ನು ಕೊಕ್ಕೆ. ಇದನ್ನು ಯಾರೂ ವಿಮರ್ಶೆಯಲ್ಲಿ ಬರೆಯುವುದೇ ಇಲ್ಲ, ಆದರೆ ಬಾಡಿಗೆ ಮನೆಯಲ್ಲಿ ಇಡೀ ಅಲಂಕಾರ ನಿಂತಿರುವುದು ಇದರ ಮೇಲೆ. ಪಾರದರ್ಶಕ ಪ್ಲಾಸ್ಟಿಕ್ ಕೊಕ್ಕೆ, ಹಿಂದೆ ಎಳೆದರೆ ಹಿಗ್ಗುವ ಅಂಟು ಪಟ್ಟಿ. 12 ಕೊಟ್ಟಿದ್ದಾರೆ. ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂಟಿಸಿದರೆ ಬೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಆಮೇಲೆ ಒಂದು ಗಂಟೆ ಏನೂ ತೂಗುಹಾಕಬಾರದು. ಈ ಒಂದು ಗಂಟೆಯ ತಾಳ್ಮೆ ಯಾರಿಗೂ ಇರುವುದಿಲ್ಲ, ಬೈಗುಳ ಮಾತ್ರ ಕೊಕ್ಕೆಗೆ. ಕೈಯಾಡಿಸಿದರೆ ಪುಡಿ ಉದುರುವ ಗೋಡೆಗೆ, ಈಗಷ್ಟೇ ಪೇಂಟ್ ಮಾಡಿದ ಗೋಡೆಗೆ, ವಾಲ್‌ಪೇಪರ್‌ಗೆ ಇದು ಆಗುವುದಿಲ್ಲ. ಬೀರುವಿನ ತಗಡು, ಕನ್ನಡಿ, ಟೈಲ್ಸ್, ಬಾಗಿಲಿನ ಪಾಲಿಶ್ ಮಾಡಿದ ಮರ, ಇವುಗಳ ಮೇಲೆ ಭದ್ರವಾಗಿ ಕೂರುತ್ತದೆ. ಕೀಳುವಾಗ ನಿಮ್ಮ ಕಡೆಗೆ ಎಳೆದರೆ ಪೇಂಟ್ ಕಿತ್ತುಬರುತ್ತದೆ. ಪಟ್ಟಿಯ ಬಾಲ ಹಿಡಿದು ಗೋಡೆಗೆ ಒರಗಿದ ಹಾಗೇ ನೇರ ಕೆಳಕ್ಕೆ, ನಿಧಾನಕ್ಕೆ ಎಳೆಯಿರಿ. ಗೇಣುದ್ದ ಹಿಗ್ಗಿ ತಾನಾಗಿ ಬಿಟ್ಟುಕೊಳ್ಳುತ್ತದೆ.

ಕೊಕ್ಕೆಯನ್ನು ಇಷ್ಟು ಹೊಗಳಲು ಕಾರಣ ಇದೆ. ಗೋಡೆಯ ಮೇಲೆ ದೀಪದಲ್ಲೇ ಮರ ಬಿಡಿಸಬಹುದು. ಪೆಟ್ಟಿಗೆಯ ಒಳಗಿನ ಚೀಟಿಯಲ್ಲಿ ಅಡ್ಡಡ್ಡ ಗೆರೆ ಎಳೆಯಿರಿ ಅಂತ ಚಿತ್ರ ಹಾಕಿದ್ದಾರೆ. ಅಡ್ಡ ಗೆರೆಗೆ ಎರಡೂ ತುದಿಗೆ ಕೊಕ್ಕೆ ಬೇಕು. ಏಳು ಸಾಲಿಗೆ 14 ಆಯಿತು, ಇವರು ಕೊಟ್ಟಿದ್ದು 12! ಅದರ ಬದಲು ಓರೆ ಹಾಕಿ. ಎಡದಿಂದ ಬಲಕ್ಕೆ ಏರಿ, ಬಲದಿಂದ ಎಡಕ್ಕೆ ಏರಿ, ಜಿಗ್‌ಜಾಗ್. ತಿರುವಿಗೆ ಒಂದೇ ಕೊಕ್ಕೆ ಸಾಕು. ಏಳು ಗೆರೆಗೆ ಎಂಟೇ ಕೊಕ್ಕೆ. ಬುಡದಲ್ಲಿ ಎರಡೂವರೆ ಅಡಿ ಅಗಲ, 4 ಅಡಿ ಎತ್ತರದ ಮರಕ್ಕೆ ಮೂರೂವರೆ ಮೀಟರ್ ಸರ ಹಿಡಿಯುತ್ತದೆ. ಮೊದಲು ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟುಕೊಳ್ಳಿ. ನಟ್ಟನಡುವೆ ತುದಿಯಿಂದ ಒಂದು ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟರೆ ಮರ ನೆಟ್ಟಗೆ ಬರುತ್ತದೆ. ಇದಕ್ಕೆ ನಾನು ಕತ್ತರಿ ಕಟ್ಟಿದೆ. ಉಳಿದ ಆರೂವರೆ ಮೀಟರ್ ಕನ್ನಡಿಯ ಸುತ್ತ ಹೋಗಿ ಮಂಚದ ತಲೆಗೆ ಮುಗಿಯುತ್ತದೆ. ಕನ್ನಡಿ ಮರದ ಎದುರಿನ ಗೋಡೆಯಲ್ಲಿದ್ದರೆ ಮರವೂ ಎರಡಾಗಿ ಕಾಣುತ್ತದೆ, ಕೋಣೆಯೂ ದೊಡ್ಡದಾಗಿ ಕಾಣುತ್ತದೆ. ಬರೀ ಮರ ಸಾಕು ಅನ್ನುವವರಿಗೆ 50 ದೀಪದ 5 ಮೀಟರ್ ಸರವೇ ಧಾರಾಳ.

ದೀಪದ ಮರ ಅಂದಾಗ ಒಂದು ಮಾತು. ಕ್ರಿಸ್‌ಮಸ್ ಮರಕ್ಕೆ ಮೊದಲು ಕರೆಂಟಿನ ದೀಪ ಹಾಕಿದ್ದು 1882ರಲ್ಲಿ, ನ್ಯೂಯಾರ್ಕ್‌ನಲ್ಲಿ. ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಕೈಯಲ್ಲೇ ಜೋಡಿಸಿದ್ದ. ಅಲ್ಲಿಯವರೆಗೆ ಒಣಗುತ್ತಿರುವ ಮರದ ಕೊಂಬೆಗೆ ನಿಜವಾದ ಮೇಣದ ಬತ್ತಿ ಸಿಕ್ಕಿಸಿ ಹಚ್ಚುತ್ತಿದ್ದರು. ಹತ್ತಿ ನೂಲು, ಬಟ್ಟೆ ಚೂರು ಯಾವಾಗಲೂ ಹಾರಾಡುವ ನನ್ನ ಕೋಣೆಯಲ್ಲಿ ಅದನ್ನು ಊಹಿಸಿದರೇ ಮೈ ಜುಂ ಅನ್ನುತ್ತದೆ. ನಾವು ಕೋಣೆಯೊಳಗೆ ಮೇಣದ ಬತ್ತಿ ಹಚ್ಚುವುದೇ ಇಲ್ಲ.

ಈಗ ಬಟ್ಟೆ. ಇಲ್ಲಿ ನನ್ನ ಕಣ್ಣು ಸ್ವಲ್ಪ ಖಾರ, ಕ್ಷಮಿಸಿ. 150 ಸೆಂಟಿಮೀಟರ್ ಎತ್ತರ, 130 ಅಗಲದ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಹಿಮ ಬಿದ್ದ ಮರದ ಚಿತ್ರ. ಫೋಟೋದಲ್ಲಿ ಅಂಚು ನೆಟ್ಟಗಿತ್ತು. ಮನೆಯಲ್ಲಿ ತೂಗುಹಾಕಿ ಎರಡು ಹೆಜ್ಜೆ ಹಿಂದೆ ಬಂದು ನೋಡಿದರೆ ಏನೋ ಸರಿಯಿಲ್ಲ. ಮಗಳೇ ಮೊದಲು ಹೇಳಿದ್ದು, “ಅಮ್ಮಾ, ಮರ ವಾಲಿದೆ ನೋಡು, ಬೀಳೋ ಥರ.”

ಕೆಳಗಿಳಿಸಿ ಮಂಚದ ಮೇಲೆ ಹರಡಿ ಟೇಪ್ ಇಟ್ಟೆ. ಎಡ ಅಂಚು 150, ಬಲ ಅಂಚು 147. ಮೂಲೆಯಿಂದ ಮೂಲೆಗೆ ಹಿಡಿದರೆ ಇನ್ನೂ ಹೆಚ್ಚು ವ್ಯತ್ಯಾಸ. ಒಂದು ಎಳೆ ಹಿಡಿದು ಜಗ್ಗಿ ನೋಡಿದೆ, ಅದು ಅಂಚಿಗೆ ಸಮವಾಗಿ ಹೋಗದೆ ಓರೆಗೆ ಓಡಿತು. ಅಂದರೆ ನೇಯ್ಗೆಯ ಎಳೆ ನೋಡದೆ ಕತ್ತರಿಸಿದ್ದಾರೆ. ಥಾನಿನ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಹತ್ತಾರು ಪದರ ಒಟ್ಟಿಗೆ ಕತ್ತರಿಸುವಾಗ ಮೇಲಿನ ಪದರ ಜಾರಿದರೆ ಹೀಗಾಗುತ್ತದೆ. ಎಳೆ ಓರೆ ಹೋದ ಬಟ್ಟೆಯನ್ನು ಎಷ್ಟು ನೆಟ್ಟಗೆ ಕಟ್ಟಿದರೂ ಅದು ತನ್ನ ಭಾರಕ್ಕೆ ಒಂದು ಕಡೆ ಜೋಲುತ್ತದೆ. ಅಂಚಿಗೆ ಹೆಮ್ಮಿಂಗ್ ಇಲ್ಲ, ಒಂದು ಸುತ್ತು ಓವರ್‌ಲಾಕ್ ಹೊಡೆದು ಬಿಟ್ಟಿದ್ದಾರೆ, ಮೂಲೆಗಳಲ್ಲಿ ದಾರ ಬಾಲ ಬಿಟ್ಟಿದೆ. ತೂಗುಹಾಕಲು ಮೇಲೆ ಎರಡು ಮೂಲೆಗೆ ಎರಡು ಲೂಪ್, ನಡುವೆ ಏನೂ ಇಲ್ಲ. ಹಾಗಾಗಿ ನಡುಭಾಗ ಜೋತುಬಿದ್ದು ಮರದ ತುದಿಯ ನಕ್ಷತ್ರ ಸುಕ್ಕಿನೊಳಗೆ ಅಡಗುತ್ತದೆ.

ಹೊಲಿಗೆ ಬರುವವರು ಸರಿಮಾಡಿಕೊಳ್ಳಬಹುದು. ಎಳೆಯ ಗುಂಟ ಗೆರೆ ಹಾಕಿ ನಾಲ್ಕೂ ಕಡೆ ಕತ್ತರಿಸಿ, ಮೇಲಂಚನ್ನು ಎರಡು ಇಂಚು ಮಡಿಚಿ ಲಾಡಿ ತೂರಿಸುವ ಹಾಗೆ ಹೊಲಿದೆ. ಅದರೊಳಗೆ ತೆಳು ಕೋಲು ಹಾಕಿದೆ, ಕೆಳಗಂಚಿಗೂ ಹಾಗೇ ಒಂದು. ಎರಡು ಕೋಲು ಬಿದ್ದ ಮೇಲೆ ಮರ ನೆಟ್ಟಗೆ ನಿಂತಿತು. ಮಡಿಕೆ ಗೆರೆ ಹೋಗಲು ಇಸ್ತ್ರಿ ಹಾಕುವವರು ಹಿಂಭಾಗದಿಂದ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಶಾಖದಲ್ಲಿ ಹಾಕಿ. ಪಾಲಿಯೆಸ್ಟರ್ ಬಿಸಿ ಜಾಸ್ತಿಯಾದರೆ ಹೊಳಪು ಕಲೆ ಬಿದ್ದು ಹಾಗೇ ಉಳಿಯುತ್ತದೆ. ಆದರೆ ದುಡ್ಡು ಕೊಟ್ಟು ತಂದ ವಸ್ತುವಿಗೆ ನಾನು ಯಾಕೆ ಇಷ್ಟು ಕೂಲಿ ಮಾಡಬೇಕು? ಮಾರಿದವರಿಗೆ ಟೇಪ್ ಇಟ್ಟ ಫೋಟೋ ಕಳಿಸಿದೆ. ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕಳಿಸಿದರು. ಮುಂದಿನ ಖರೀದಿ ಮಾಡುವ ಮನಸ್ಸು ಬರಲಿ ಅಂತ ಬಟ್ಟೆ ಬದಲಿಸಿ ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಹಸಿರು ಪ್ಲಾಸ್ಟಿಕ್ ಎಲೆಯ ಹಾರ ಎರಡು ಮೀಟರ್ ಇದೆ, ಎಲೆಗಳ ನಡುವೆ ತಂತಿ ಎದ್ದು ಕಾಣುತ್ತದೆ. ಹೊಸದರಲ್ಲಿ ಪಿವಿಸಿ ವಾಸನೆ ಬೇರೆ. ಕಿಟಕಿಯಾಚೆ ಗಾಳಿಗೆ ಹಾಕಿದ ಮೇಲೆ ಒಳಗೆ ತಂದೆ. 24 ಪ್ಲಾಸ್ಟಿಕ್ ಗುಂಡುಗಳಿವೆ, ಅರ್ಧಕ್ಕೆ ಮಿನುಗು ಪುಡಿ ಹಚ್ಚಿದ್ದಾರೆ. ಆ ಪುಡಿ ಹಾಸಿಗೆಗೆ, ತಲೆದಿಂಬಿಗೆ, ಹೊಲಿಯಲು ಬಂದಿದ್ದ ಕಪ್ಪು ಬಟ್ಟೆಗೆ, ಎಲ್ಲದಕ್ಕೂ ಹತ್ತಿತು. ಗಿರಾಕಿಗೆ ಕೊಡುವ ಮೊದಲು ಟೇಪ್ ಅಂಟಿಸಿ ಅಂಟಿಸಿ ತೆಗೆಯಬೇಕಾಯಿತು. ಮಲಗುವ ಕೋಣೆಗೆ ಮಿನುಗು ಪುಡಿಯ ಯಾವ ವಸ್ತುವನ್ನೂ ತರಬೇಡಿ. ನುಣುಪು ಗುಂಡುಗಳನ್ನು ಮಾತ್ರ ಉಳಿಸಿಕೊಂಡೆ. ರಟ್ಟಿನ ನಕ್ಷತ್ರ ಚಪ್ಪಟೆ, ಒಂದೇ ಕಡೆ ಬಣ್ಣ. ಕನ್ನಡಿಯಲ್ಲಿ ಅದರ ಬೋಳು ಬೆನ್ನು ಕಾಣುತ್ತದೆ.

ಎಲ್‌ಇಡಿ ಮೇಣದ ಬತ್ತಿಯನ್ನು ಹಾಗೆ ಬೇಗ ದಾಟಲು ಆಗುವುದಿಲ್ಲ. ನಾಲ್ಕು ಕೊಟ್ಟಿದ್ದಾರೆ, ನೋಡಲು ಮುದ್ದಾಗಿವೆ. ಅಡಿಯಲ್ಲಿ ಗುಂಡಿಯಾಕಾರದ ಸಿಆರ್2032 ಸೆಲ್. ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಿನಲ್ಲಿ ಮೀಟಿದರೆ ತೆರೆದುಕೊಳ್ಳುತ್ತದೆ. ನನ್ನ ನಾದಿನಿಯ ಮಗುವಿಗೆ ಈಗ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಇಂಥ ಸೆಲ್ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಸೆಲ್ ಹಳೆಯದಾಗಿ ದೀಪ ಹತ್ತದಿದ್ದರೂ ಅದರಲ್ಲಿ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದೆ ಅಂತ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಮಕ್ಕಳಿರುವ ಮನೆಗೆ ಸ್ಕ್ರೂ ಇರುವುದನ್ನೇ ತನ್ನಿ. ನಾನು ನಾಲ್ಕರ ಸೆಲ್ಲನ್ನೂ ತೆಗೆದು ಬೀರುವಿನ ಮೇಲಿನ ಖಾನೆಗೆ ಸೇರಿಸಿದೆ. ದೀಪದ ಸರದ ರಿಮೋಟಿನಲ್ಲೂ ಇಂಥದ್ದೇ ಸೆಲ್ ಇದೆ, ಅದರ ಮುಚ್ಚಳಕ್ಕೆ ಗಟ್ಟಿ ಟೇಪ್ ಸುತ್ತಿದೆ. ಮಾರುವವರಿಗೆ ಬರೆದ ಪತ್ರದಲ್ಲಿ ಬಟ್ಟೆಗಿಂತ ಮೊದಲು ಇದನ್ನೇ ಬರೆದಿದ್ದೆ. ಅದಕ್ಕೆ ಉತ್ತರವೇ ಇಲ್ಲ. ಎರಡೂವರೆ ಅಂಕಕ್ಕೆ ಇಳಿಯಲು ಮುಖ್ಯ ಕಾರಣ ಇದು.

‘ಸಂಪೂರ್ಣ’ ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೂ ಒಳಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಇಲ್ಲ. ಗೋದಲಿಯೇ ಇಲ್ಲದೆ ಅದೆಂಥ ಕ್ರಿಸ್‌ಮಸ್? ಖಾಲಿಯಾದ ದಾರದ ಕೋನ್‌ಗಳು ನನ್ನಲ್ಲಿ ರಾಶಿ ಇರುತ್ತವೆ. ಅವುಗಳಿಗೆ ತುಂಡು ಬಟ್ಟೆ ಸುತ್ತಿ, ಮೇಲೊಂದು ಮಣಿ ಅಂಟಿಸಿದರೆ ಮರಿಯಮ್ಮ, ಯೋಸೇಫ, ಕುರುಬರು ತಯಾರು. ಹಸಿರು ಬಟ್ಟೆ ಸುತ್ತಿದರೆ ಅದೇ ಕೋನ್ ಪುಟ್ಟ ಮರ. ಕಿಟಕಿಯ ದಂಡೆಯಲ್ಲಿ ಎಲ್ಲ ಹಿಡಿಯಿತು. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸರು ಮಾಡಿಸಿದ ಗೋದಲಿಯಲ್ಲೂ ಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ, ಅಷ್ಟೇ ಇದ್ದದ್ದು. ನಮ್ಮದರಲ್ಲಿ ಕತ್ತೆ ಸ್ವಲ್ಪ ನಾಯಿಯ ಹಾಗಿದೆ. ಮಗಳ ಕೈಕೆಲಸ, ಯಾರೂ ಮಾತಾಡುವ ಹಾಗಿಲ್ಲ.

ಹಾರದ ಬದಲಿಗೆ ತೋರಣ ಹೊಲಿದೆ. ಅಳತೆ ಬರೆಯುತ್ತೇನೆ, ಬೇಕಾದವರು ಮಾಡಿ. 6 ಇಂಚು ಅಗಲ, 7 ಇಂಚು ಉದ್ದದ ತ್ರಿಕೋನಗಳು 12. ನಡುವೆ ಎರಡೆರಡು ಇಂಚು, ಎರಡು ತುದಿಗೆ ಒಂದೊಂದು ಇಂಚು ಬಿಟ್ಟರೆ 96 ಇಂಚು, ಸರಿಯಾಗಿ 8 ಅಡಿ ಗೋಡೆ. ಜಿಗ್‌ಜಾಗ್ ಕತ್ತರಿಯಲ್ಲಿ ಕತ್ತರಿಸಿದರೆ ಎಳೆ ಬೇಗ ಬಿಚ್ಚುವುದಿಲ್ಲ, ಅಂಚು ಹೊಲಿಯುವ ಕೆಲಸವೂ ಇಲ್ಲ. ಎಲ್ಲದರ ಮೇಲ್ಭಾಗವನ್ನು ಒಂದು ಪಟ್ಟಿಯೊಳಗೆ ಇಟ್ಟು ಒಂದೇ ಓಟದಲ್ಲಿ ಹೊಲಿಗೆ ಹೊಡೆಯಿರಿ. ಮೆಷಿನ್ ಇಲ್ಲದವರು ಫೆವಿಕಾಲ್ ಹಚ್ಚಿ ದಾರದ ಮೇಲೆ ಮಡಿಚಿ ಅಂಟಿಸಿದರೂ ಸಾಕು. ಬಣ್ಣ ಮಾತ್ರ ಎರಡಕ್ಕಿಂತ ಜಾಸ್ತಿ ಬೇಡ. ಸಣ್ಣ ಕೋಣೆಯಲ್ಲಿ ಐದಾರು ಬಣ್ಣ ಸೇರಿದರೆ ಸಾಮಾನು ಹರವಿದ ಹಾಗೆ ಕಾಣುತ್ತದೆ. ನಾನು ಕಡುಗೆಂಪು ಮತ್ತು ಕೆನೆಬಣ್ಣ ಹಾಕಿದೆ. ಹಾಸಿಗೆಯ ಮೇಲೂ ಅದೇ ಕೆಂಪಿನ ಹೊದಿಕೆ ಇದ್ದದ್ದರಿಂದ ಬೇರೆ ಖರ್ಚು ಬೀಳಲಿಲ್ಲ.

ನಕ್ಷತ್ರಕ್ಕೆ ಅಡಿ ಚಪ್ಪಟೆ ಇರುವ ಏಳೆಂಟು ಕಾಗದದ ಚೀಲ ಸಾಕು. ಒಂದರ ಮೇಲೊಂದು ಒಂದೇ ದಿಕ್ಕಿಗೆ ಇಟ್ಟು, ಅಡಿಯ ಅಂಚಿಗೂ ನಟ್ಟನಡುವೆ ಉದ್ದಕ್ಕೂ ಗೋಂದು ಹಚ್ಚಿ ಅಂಟಿಸಿ. ಒಣಗಿದ ಮೇಲೆ ಬಾಯಿ ಕಡೆಯನ್ನು ಚೂಪಾಗಿ ಕತ್ತರಿಸಿ, ಬೀಸಣಿಗೆ ಬಿಚ್ಚುವ ಹಾಗೆ ಬಿಚ್ಚಿ ಎರಡು ತುದಿ ಸೇರಿಸಿದರೆ ಮುಗಿಯಿತು. ಎರಡೂ ಕಡೆಯಿಂದ ಚೆಂದ. ಹೀಗೆ ಕಾಗದ ಮಡಿಸಿ ನಕ್ಷತ್ರ ಮಾಡುವುದು ಮಕ್ಕಳಿಗೆ ಲೆಕ್ಕದ ಪಾಠವೂ ಹೌದು. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಊರಿನಲ್ಲಿ ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದ ಶಾಲೆಯಲ್ಲಿ ರೇಖಾಗಣಿತ ಕಲಿಸಲು ಮಾಡಿಸಿದ ಕಾಗದದ ನಕ್ಷತ್ರವೇ ಮುಂದೆ ಮನೆಮನೆಗಳಲ್ಲಿ ತೂಗುವ ಕ್ರಿಸ್‌ಮಸ್ ನಕ್ಷತ್ರವಾಯಿತು. ಒಳಗೆ ದೀಪ ಬೇಕೆಂದರೆ ತಾಮ್ರದ ಸರದ ಒಂದು ಭಾಗವನ್ನು ಕತ್ತರಿಸದೆ ಹಾಗೇ ಒಳಕ್ಕೆ ತಳ್ಳಿ. ಸಾಮಾನ್ಯ ಬಲ್ಬು ಮಾತ್ರ ಕಾಗದದೊಳಗೆ ಬೇಡ.

ಹಾಗಾದರೆ ಈ ಪೆಟ್ಟಿಗೆ ಯಾರಿಗೆ? ಹೊಲಿಗೆ, ಕತ್ತರಿ, ಗೋಂದು ಯಾವುದಕ್ಕೂ ಬಿಡುವಿಲ್ಲ, ಚಿಕ್ಕ ಮಕ್ಕಳೂ ಮನೆಯಲ್ಲಿಲ್ಲ, ಬಟ್ಟೆ ಸ್ವಲ್ಪ ವಾಲಿದರೂ ಪರವಾಗಿಲ್ಲ ಅನ್ನುವವರಿಗೆ ಓಕೆ. ಮಿಕ್ಕವರು 5 ಮೀಟರ್‌ನ ಯುಎಸ್‌ಬಿ ವಾರ್ಮ್ ವೈಟ್ ಸರ ಒಂದು, ಅಂಟು ಕೊಕ್ಕೆ ಒಂದು ಪ್ಯಾಕ್ ಬೇರೆಯಾಗಿ ತರಿಸಿ. ನಾನು ಆಮೇಲೆ ನೋಡಿದಾಗ ಎರಡೂ ಸೇರಿ ಈ ಪೆಟ್ಟಿಗೆಯ ಅರ್ಧ ಬೆಲೆಯೂ ಇರಲಿಲ್ಲ. ಟೈಮರ್ ಇದೆಯಾ, ಸರದ ಪ್ಲಗ್ ಕಡೆ ಇರುವ ಪುಟ್ಟ ಸ್ವಿಚ್ ಡಬ್ಬಿಯಿಂದ (ಕಂಟ್ರೋಲರ್) ಮೊದಲ ದೀಪದವರೆಗೆ ಬರೀ ವೈರ್ ಎಷ್ಟಿದೆ, ಇವೆರಡನ್ನು ಕೇಳಿಕೊಳ್ಳಿ. ನನ್ನದರಲ್ಲಿ ಒಂದು ಮೀಟರ್ ಇದೆ, ಪ್ಲಗ್ ದೂರ ಇರುವವರಿಗೆ ಸಾಲದು. 300 ದೀಪದ ಪರದೆ ಸರ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಮೂರು ಮೀಟರ್ ಅಗಲದ ಅದನ್ನು 8 ಅಡಿ ಗೋಡೆಗೆ ಹಾಕಿದರೆ ಮೂಲೆಯಲ್ಲಿ ಮಡಿಚಿ ತುರುಕಬೇಕು.

ಜನವರಿ 6ರ ಮೂರು ಜ್ಞಾನಿಗಳ ಹಬ್ಬ ಕಳೆದ ಮೇಲೆ ಬಿಚ್ಚುವಾಗ ಸರವನ್ನು ಉಂಡೆ ಮಾಡಬೇಡಿ. ಪೆಟ್ಟಿಗೆಯ ರಟ್ಟನ್ನೇ ಅಂಗೈ ಅಗಲಕ್ಕೆ ಕತ್ತರಿಸಿ, ಒಂದು ಅಂಚಿಗೆ ಕಚ್ಚು ಮಾಡಿ ತುದಿ ಸಿಕ್ಕಿಸಿ ಬಾಬಿನ್‌ಗೆ ದಾರ ಸುತ್ತುವ ಹಾಗೆ ಸುತ್ತಿ. ಪ್ಲಗ್ ಕಡೆ ಹೊರಗೆ ಇರಲಿ, ಮುಂದಿನ ವರ್ಷ ಬಿಚ್ಚುವ ಮೊದಲೇ ಸಿಕ್ಕಿಸಿ ಉರಿಯುತ್ತದಾ ಅಂತ ನೋಡಬಹುದು. ರಿಮೋಟಿನ ಸೆಲ್ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ರಿಮೋಟ್ ಹಾಳಾಗಬಹುದು. ಕೊಕ್ಕೆಗಳನ್ನು ಬಿಸಾಡಬೇಡಿ, ಹಿಂದಿನ ಅಂಟು ಪಟ್ಟಿ ಮಾತ್ರ ಬೇರೆ ಸಿಗುತ್ತದೆ. ನನ್ನ ಎಂಟು ಕೊಕ್ಕೆಯಲ್ಲಿ ಈಗ ಇಂಚು ಟೇಪ್, ಕತ್ತರಿ, ಗಿರಾಕಿಗಳ ಅಳತೆ ಚೀಟಿ ತೂಗುತ್ತಿವೆ.